ಕರೆ ಒಬ್ಬರಿಗೆ, ಪಂಕ್ತಿ ಎಲ್ಲರಿಗೆ

ಕ್ರೈಸ್ತ ನಂಬಿಕೆಯ ಪ್ರಕಾರ ದೇವರು ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾನೆ, ಕರೆದವರನ್ನು ಒಟ್ಟಿಗೆ ಇರಿಸುತ್ತಾನೆ. ಸೇವೆಯ ಕುರಿತ ಆ ಧರ್ಮದ ಚಿಂತನೆಯೆಲ್ಲ ಈ ಎರಡು ಮಾತುಗಳ ನಡುವೆಯೇ ಬೆಳೆದಿದೆ. ಕರೆ ಬರುವುದು ಒಬ್ಬನ ಎದೆಗೆ; ಹೊರಗಿನ ಸಾಕ್ಷಿ ಅದಕ್ಕಿಲ್ಲ. ಸೇವೆ ನಡೆಯುವುದು ಮಾತ್ರ ಸಭೆಯಲ್ಲಿ, ಅಂದರೆ ನಂಬಿದವರ ಬಳಗದಲ್ಲಿ. ಅಲ್ಲಿ ಹಿರಿಯರಿದ್ದಾರೆ, ಕಮಿಟಿ ಇದೆ, ಸರದಿ ಇದೆ, ಲೆಕ್ಕದ ಪುಸ್ತಕವೂ ಇದೆ. ದೇವರೇ ತನ್ನನ್ನು ಕಳಿಸಿದ್ದಾನೆ ಎನ್ನುವವನನ್ನು ಈ ಬಳಗ ನಂಬುವುದು ಹೇಗೆ? ನಂಬದೆ ತಡೆದರೆ ದೇವರ ಕೆಲಸವನ್ನೇ ತಡೆದಂತಾದರೆ? ಮೊದಲ ಶತಮಾನದ ಕೊರಿಂಥದಲ್ಲಿ ಎದ್ದ ಈ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಗುಬ್ಬಿ, ಮಂಗಳೂರು, ಧಾರವಾಡಗಳಲ್ಲೂ ಎದ್ದಿತು.

ಅಪೊಸ್ತಲ ಪೌಲನ ಜೀವನದಲ್ಲಿಯೇ ಎರಡೂ ತುದಿಗಳು ಕಾಣುತ್ತವೆ. ತನ್ನ ಕರೆ ಯಾವ ಮನುಷ್ಯನಿಂದಲೂ ಬಂದದ್ದಲ್ಲ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅವನು ಖಡಾಖಂಡಿತವಾಗಿ ಹೇಳುತ್ತಾನೆ. ಅದೇ ಪತ್ರದಲ್ಲಿ, ಹದಿನಾಲ್ಕು ವರ್ಷಗಳ ನಂತರ ತಾನು ಯೆರೂಸಲೇಮಿಗೆ ಹೋಗಿ, ತಾನು ಸಾರುತ್ತಿದ್ದ ಸುವಾರ್ತೆಯನ್ನು ಅಲ್ಲಿನ ಹಿರಿಯರ ಮುಂದಿಟ್ಟೆನೆಂದೂ ತಿಳಿಸುತ್ತಾನೆ. ಅಪ್ಪಣೆಗಾಗಿ ಹೋದದ್ದಲ್ಲ, ಒಬ್ಬನೇ ಓಡಿದ ಓಟ ವ್ಯರ್ಥವಾಗಬಾರದೆಂದು ಹೋದದ್ದು. ಹಿರಿಯರು ಬಲಗೈ ನೀಡಿ ಒಪ್ಪಿದರು, ಬಡವರನ್ನು ಮರೆಯಬೇಡ ಎಂಬ ಒಂದೇ ಮಾತನ್ನು ಸೇರಿಸಿದರು. ಈ ಒಂದೇ ಮಾತು ಮುಖ್ಯವಾದದ್ದು. ಕರೆಯನ್ನು ಬಳಗ ಯಾವುದರಿಂದ ಅಳೆಯಬೇಕು ಎಂಬುದಕ್ಕೆ ಮೊದಲ ಸುಳಿವು ಅಲ್ಲಿದೆ.

ಕೊರಿಂಥದ ಸಭೆಯಲ್ಲಿ ವರಗಳಿಗೆ ಬರವಿರಲಿಲ್ಲ. ಪ್ರವಾದನೆ ಹೇಳುವವರು, ಅನ್ಯಭಾಷೆಗಳಲ್ಲಿ ಮಾತಾಡುವವರು, ರೋಗ ವಾಸಿಮಾಡುವವರು ಎಲ್ಲರೂ ಇದ್ದರು, ಎಲ್ಲರೂ ಏಕಕಾಲಕ್ಕೆ ಎದ್ದು ನಿಲ್ಲುತ್ತಿದ್ದರು. ಪೌಲ ಅವರ ಬಾಯಿ ಮುಚ್ಚಿಸಲಿಲ್ಲ. ಸರದಿ ಹಾಕಿಕೊಟ್ಟ: ಇಬ್ಬರೋ ಮೂವರೋ ಮಾತಾಡಲಿ, ಉಳಿದವರು ಕೇಳಿ ತೂಗಿ ನೋಡಲಿ; ಕುಳಿತವನಿಗೆ ಹೊಸ ಪ್ರಕಟನೆಯಾದರೆ ಮಾತಾಡುತ್ತಿರುವವನು ಸುಮ್ಮನಾಗಲಿ; ಅನ್ಯಭಾಷೆಗೆ ಅರ್ಥ ಹೇಳುವವರಿಲ್ಲದಿದ್ದರೆ ಅದು ಮನಸ್ಸಿನೊಳಗೇ ಇರಲಿ. ಕಾರಣವನ್ನೂ ಕೊಟ್ಟ. ಹೊರಗಿನವನೊಬ್ಬ ಒಳಗೆ ಬಂದರೆ ಅವನಿಗೆ ಏನಾದರೂ ತಿಳಿಯಬೇಕು.

ಅದೇ ಸಭೆಗೆ ಇನ್ನೊಂದು ರೋಗವಿತ್ತು. ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಬಂದು ತಮ್ಮ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ದುಡಿದು ತಡವಾಗಿ ಬಂದವರಿಗೆ ಹಸಿವೇ ಉಳಿಯುತ್ತಿತ್ತು. ಕನ್ನಡದಲ್ಲಿ ಇದಕ್ಕೆ ಪಂಕ್ತಿಭೇದ ಎನ್ನುತ್ತಾರೆ. ಒಬ್ಬರಿಗಾಗಿ ಒಬ್ಬರು ಕಾದು ಉಣ್ಣಿರಿ ಎಂಬುದೇ ಪೌಲನ ಕಟ್ಟುನಿಟ್ಟಿನ ಆಜ್ಞೆ. ಮಾತಿನ ಸರದಿಯೂ ಊಟದ ಸರದಿಯೂ ಒಂದೇ ಪತ್ರದಲ್ಲಿ ಬರುವುದು ಆಕಸ್ಮಿಕವಲ್ಲ. ಕ್ರೈಸ್ತ ಸೇವೆಯಲ್ಲಿ ಶಿಸ್ತು ಹುಟ್ಟಿದ್ದು ಬಲವಿಲ್ಲದವರ ಪಾಲು ಬಲವಿದ್ದವರಿಗೆ ಹೋಗದಿರಲೆಂದು. ಪಾದ್ರಿಗಳ ಗೌರವಕ್ಕಾಗಿ ಅಲ್ಲ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಇದನ್ನು ಇನ್ನೂ ಹತ್ತಿರದಿಂದ ತೋರಿಸುತ್ತದೆ. ಯೆರೂಸಲೇಮಿನ ಸಭೆಯಲ್ಲಿ ದಿನವೂ ಆಹಾರ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರಿಗೆ ಪಾಲು ತಪ್ಪುತ್ತಿದೆ ಎಂಬ ದೂರು ಬಂತು. ಹನ್ನೆರಡು ಮಂದಿ ಅಪೊಸ್ತಲರು ದೂರನ್ನು ಗೊಣಗಾಟವೆಂದು ತಳ್ಳಿಹಾಕಲಿಲ್ಲ, ತಾವೇ ಆಳು ನೇಮಿಸಿ ಮುಗಿಸಲೂ ಇಲ್ಲ. ಇಡೀ ಸಭೆಯನ್ನು ಕರೆದು, ಒಳ್ಳೆಯ ಹೆಸರಿರುವ ಏಳು ಜನರನ್ನು ನೀವೇ ಆರಿಸಿರಿ ಎಂದರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ದೂರು ಕೊಟ್ಟವರ ಕಡೆಯವರ ಕೈಗೇ ಉಗ್ರಾಣ ಹೋಯಿತು. ಅಪೊಸ್ತಲರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹಸ್ತನಿಕ್ಷೇಪದ ಸಂಸ್ಕಾರಕ್ಕೆ ಸಭೆಗಳು ಇಂದಿಗೂ ನೆನೆಯುವ ಪ್ರಸಂಗಗಳಲ್ಲಿ ಇದೂ ಒಂದು, ಅದು ನಡೆದದ್ದು ಊಟ ಬಡಿಸುವ ಕೆಲಸಕ್ಕೆ. ಆದರೆ ಬಡಿಸಲು ನೇಮಕಗೊಂಡ ಸ್ತೆಫನ ಮುಂದೆ ಮಹಾ ಮಾತುಗಾರನಾಗಿ ಮೊದಲ ಹುತಾತ್ಮನಾದ, ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಸುವಾರ್ತೆ ಸಾರಿದ. ಕೊಟ್ಟ ಹುದ್ದೆ ಒಂದು, ಬಂದ ವರ ಇನ್ನೊಂದು. ಹುದ್ದೆ ಮೀರಿದರೆಂದು ಯಾರೂ ಅವರನ್ನು ಹಿಂದಕ್ಕೆ ಕರೆಯಲಿಲ್ಲ.

ಮೊದಲ ಪೀಳಿಗೆ ಕಳೆದ ಮೇಲೆ ಪರೀಕ್ಷೆಯ ನಿಯಮಗಳು ಬರಹಕ್ಕೆ ಬಂದವು. ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆನ್ನಲಾದ ‘ಡಿಡಾಖೆ’ ಎಂಬ ಕೈಪಿಡಿ ಊರೂರು ಅಲೆಯುವ ಪ್ರವಾದಿಗಳ ವಿಷಯದಲ್ಲಿ ಬಹಳ ನೇರವಾಗಿದೆ. ಬಂದವನನ್ನು ಪ್ರಭುವನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕು. ಆದರೆ ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ, ಹೊರಡುವಾಗ ರೊಟ್ಟಿಯ ಬದಲು ಹಣ ಕೇಳಿದರೂ ಸುಳ್ಳು ಪ್ರವಾದಿ. ಸುಮಾರು 96ರಲ್ಲಿ ರೋಮಿನಿಂದ ಕೊರಿಂಥಕ್ಕೆ ಹೋದ ಕ್ಲೆಮೆಂಟನ ಪತ್ರದ ಕಥೆ ತಿರುವುಮುರುವು: ಅಲ್ಲಿ ತಪ್ಪಿಲ್ಲದ ಹಿರಿಯರನ್ನೇ ಕೆಲವರು ಸೇರಿ ಇಳಿಸಿದ್ದರು. ಕಾಲಕ್ರಮದಲ್ಲಿ ಬಿಷಪ್, ಹಿರಿಯ, ಸಭಾಸೇವಕ ಎಂಬ ಮೂರು ಮೆಟ್ಟಿಲುಗಳು ಗಟ್ಟಿಯಾದವು. ಗಟ್ಟಿಯಾದಂತೆ, ಕರೆ ಎಂದರೆ ಪಾದ್ರಿಗಳಿಗೂ ಮಠದವರಿಗೂ ಮಾತ್ರ ಬರುವಂಥದು ಎಂಬ ಭಾವನೆ ಬೇರೂರಿತು. 1520ರಲ್ಲಿ ಜರ್ಮನಿಯ ಸುಧಾರಕ ಲೂಥರ್ ಇದನ್ನು ಪ್ರಶ್ನಿಸಿದರು. ದೀಕ್ಷಾಸ್ನಾನ ಪಡೆದವರೆಲ್ಲ ಯಾಜಕರೇ. ಚಮ್ಮಾರ, ಕಮ್ಮಾರ, ರೈತರ ಕೆಲಸವೂ ದೇವರ ಕರೆಯೇ. ಸಭಾಪಾಲಕನದು ಎಲ್ಲರ ಪರವಾಗಿ ಮಾಡುವ ಒಂದು ಕೆಲಸ ಎಂದು ವಾದಿಸಿದರು. ಕ್ಯಾಥೊಲಿಕ್ ಸಭೆಯೂ 1964ರಲ್ಲಿ, ಎರಡನೆಯ ವ್ಯಾಟಿಕನ್ ಸಮ್ಮೇಳನದ ಕಾಲಕ್ಕೆ, ಎಲ್ಲ ವಿಶ್ವಾಸಿಗಳಿಗೂ ಇರುವ ಯಾಜಕತ್ವವನ್ನು ಸ್ಪಷ್ಟ ಮಾತುಗಳಲ್ಲಿ ಎತ್ತಿಹಿಡಿಯಿತು.

ಕರೆಯನ್ನು ನಂಬಿಯೂ ಪರೀಕ್ಷಿಸುವ ಕ್ರಮವನ್ನು ಹೆಚ್ಚು ಶ್ರದ್ಧೆಯಿಂದ ರೂಪಿಸಿದವರಲ್ಲಿ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿ ಒಬ್ಬರು. ಕನ್ನಡ ನಾಡಿನ ಒಳಭಾಗಕ್ಕೂ ಅವರ ಕ್ರಮ ಬಂದ ಕಾರಣ ಅದನ್ನು ಬಿಡಿಸಿ ನೋಡಬೇಕು. 1740ರ ಸುಮಾರಿಗೆ ಲಂಡನ್ನಿನಲ್ಲಿ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ, ಪಾದ್ರಿಯಲ್ಲದ ಯುವಕ ಪ್ರಸಂಗ ಮಾಡತೊಡಗಿದ. ಅದನ್ನು ನಿಲ್ಲಿಸಲೆಂದೇ ವೆಸ್ಲಿ ಧಾವಿಸಿ ಬಂದರು. ತಾಯಿ ಸುಸಾನಾ ಮಗನನ್ನು ತಡೆದರು: ಆ ಹುಡುಗನಿಗೂ ನಿನ್ನಷ್ಟೇ ನಿಜವಾದ ಕರೆ ಬಂದಿದೆ, ಮೊದಲು ಕೇಳಿ ನೋಡು, ಅವನ ಮಾತಿನಿಂದ ಏನು ಫಲವಾಗಿದೆ ಎಂದು ವಿಚಾರಿಸು ಎಂಬುದು ಅವರ ಮಾತಿನ ತಾತ್ಪರ್ಯ. ವೆಸ್ಲಿ ಕೇಳಿದರು, ಒಪ್ಪಿದರು. ಅಲ್ಲಿಂದ ಸಾಮಾನ್ಯ ಜನರೇ ಪ್ರಸಂಗಿಗಳಾಗುವ ದೊಡ್ಡ ಪರಂಪರೆ ಶುರುವಾಯಿತು. ಕಥೆಗೆ ಎರಡನೆಯ ಭಾಗವೂ ಇದೆ. 1763ರ ಫೆಬ್ರವರಿ 28ಕ್ಕೆ ಲೋಕ ಮುಗಿಯುತ್ತದೆ ಎಂದು ಜಾರ್ಜ್ ಬೆಲ್ ಎಂಬಾತ ಸಾರಿದಾಗ, ಅವನ ಗುಂಪಿನ ಪರವಾಗಿ ನಿಂತು ವೆಸ್ಲಿಯಿಂದ ಬೇರೆಯಾದವನೂ ಇದೇ ಮ್ಯಾಕ್ಸ್‌ಫೀಲ್ಡ್. ಕರೆ ನಿಜವಾಗಿದ್ದ ಮನುಷ್ಯನೂ ಮುಂದೆ ದಾರಿ ತಪ್ಪಬಲ್ಲ. ಒಮ್ಮೆ ಪರೀಕ್ಷಿಸಿ ಬಿಟ್ಟರೆ ಸಾಲದು.

1746ರ ಸಮ್ಮೇಳನದಲ್ಲಿ ವೆಸ್ಲಿ ಮತ್ತು ಸಂಗಡಿಗರು ಮೂರು ಪ್ರಶ್ನೆಗಳನ್ನು ಗೊತ್ತುಮಾಡಿದರು. ಈತನಲ್ಲಿ ದೇವರ ಕೃಪೆ ಕಾಣುತ್ತದೆಯೇ? ಮಾತು, ತಿಳಿವಳಿಕೆಗಳ ವರ ಇದೆಯೇ? ಕೇಳಿದವರ ಬದುಕಿನಲ್ಲಿ ಫಲ ಕಂಡಿದೆಯೇ? ಮೂರಕ್ಕೂ ಉತ್ತರ ಹೌದೆಂದಾದರೆ ಮಾತ್ರ ಮುಂದಿನ ಹೆಜ್ಜೆ, ಅದೂ ಪರೀಕ್ಷಾ ಅವಧಿಯ ಮೇಲೆ. ಕಾಯಿಸುವುದು ಅವಮಾನವಲ್ಲ ಎಂಬುದು ತೆಂಗಿನ ಸೀಮೆಯವರಿಗೆ ಗೊತ್ತು. ತಿಪಟೂರು, ತುರುವೇಕೆರೆಯಿಂದ ಹುಳಿಯಾರು, ಕೆಂಕೆರೆಯವರೆಗೆ ಅಟ್ಟಕ್ಕೆ ಹಾಕಿದ ಕಾಯಿ ಚಿಪ್ಪಿನೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಿಟುಕು ಬಿಟ್ಟುಕೊಂಡ ಸದ್ದು ಬಂದರೆ ಒಡೆಯುತ್ತಾರೆ. ಅವಸರಪಟ್ಟು ಒಡೆದರೆ ಕಾಯಿಯೂ ಹೋಯಿತು, ಕೊಬ್ಬರಿಯೂ ಇಲ್ಲ. ಕರೆಯೂ ಹಾಗೆ ಒಳಗೇ ಬಲಿಯಬೇಕಾದದ್ದು.

ಈ ಸೀಮೆಯ ಮಗ್ಗುಲಿನ ಗುಬ್ಬಿಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ನೆಲೆ ಹೂಡಿದರು. ಹದಿನಾರನೆಯ ಶತಮಾನದಲ್ಲಿಯೇ ಮಲ್ಲಣಾರ್ಯನಂಥ ವೀರಶೈವ ಕವಿಯನ್ನು ಕಂಡ ಊರದು. ಗುರು, ಜಂಗಮ, ಮಠಗಳ ವ್ಯವಸ್ಥೆ ಹೊಸತೇನೂ ಆಗಿರಲಿಲ್ಲ. 1839ರಲ್ಲಿ ಅಲ್ಲಿಗೆ ಬಂದ ವಿಲಿಯಂ ಆರ್ಥರ್ ಐರ್ಲೆಂಡಿನವರು, ವಯಸ್ಸು ಇನ್ನೂ ಇಪ್ಪತ್ತರ ಆಸುಪಾಸು. ಜೀವಮಾನವನ್ನೇ ಇಲ್ಲಿ ಕಳೆಯುವ ಉತ್ಸಾಹದಿಂದ ಕನ್ನಡ ಕಲಿತರು. ಆದರೆ ಆರೋಗ್ಯ ಕೈಕೊಟ್ಟು 1841ರಲ್ಲಿಯೇ ಹಿಂದಿರುಗಬೇಕಾಯಿತು. ಅಂಥ ಹೊತ್ತಿನಲ್ಲಿ ಒಂಟಿಯಾಗಿದ್ದವನಿಗೆ ತನ್ನ ಕರೆಯೇ ಸುಳ್ಳೆನಿಸಬಹುದು. ಆರ್ಥರ್ ಒಂಟಿಯಾಗಿರಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ಮಿಷನ್ ಕುರಿತು ಪುಸ್ತಕ ಬರೆದರು, 1851ರಿಂದ ಮಿಷನ್ ಸಂಸ್ಥೆಯ ಕಾರ್ಯದರ್ಶಿಯಾಗಿ ದುಡಿದರು, 1866ರಲ್ಲಿ ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷರಾದರು. 1856ರಲ್ಲಿ ಹೊರಬಂದ ಅವರ ‘ದಿ ಟಂಗ್ ಆಫ್ ಫೈರ್’ ಪವಿತ್ರಾತ್ಮನ ವರ ಕೆಲವೇ ಮಂದಿಯ ಸೊತ್ತಲ್ಲ, ಇಡೀ ಸಭೆಗೆ ಸೇರಿದ್ದು ಎಂಬುದನ್ನೇ ವಾದಿಸುವ ಗ್ರಂಥ. ಗುಬ್ಬಿಯ ಎರಡು ವರ್ಷಗಳಿಗೆ ವ್ಯವಸ್ಥೆಯೇ ಮುಂದುವರಿಕೆ ಒದಗಿಸಿತು. ದೇಹ ಸೋತಾಗ ಕರೆಗೆ ಬೇರೊಂದು ಜಾಗ ಹುಡುಕಿಕೊಡುವುದು ಶಿಸ್ತಿನ ಸೇವೆಯ ದೊಡ್ಡ ಗುಣ.

ವ್ಯವಸ್ಥೆ ಯಾವಾಗಲೂ ಇಷ್ಟು ಉದಾರವಾಗಿ ನಡೆದುಕೊಂಡಿಲ್ಲ. ಕನ್ನಡಿಗರು ಚೆನ್ನಾಗಿ ಬಲ್ಲ ಫರ್ಡಿನೆಂಡ್ ಕಿಟೆಲ್ ಅವರ ಬದುಕು ಇದಕ್ಕೆ ಸಾಕ್ಷಿ. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸೆಲ್ ಮಿಷನ್ ಬಿಗಿಯಾದ ಸಂಸ್ಥೆ. ಯಾರು ಎಲ್ಲಿ ಇರಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿದ್ದ ಕಮಿಟಿ ತೀರ್ಮಾನಿಸುತ್ತಿತ್ತು. ವಿಧೇಯತೆ ಅಲ್ಲಿ ಮೊದಲ ಗುಣ. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಬಂದ ಕಿಟೆಲ್ ಅವರಿಗೆ ಯುರೋಪಿಯನ್ನರ ಠಾಕುಠೀಕಿನಲ್ಲಿ ಇದ್ದುಕೊಂಡು ಜನರನ್ನು ಮುಟ್ಟಲಾಗದು ಎನ್ನಿಸಿತು. ಯೆಹೂದ್ಯರಿಗೆ ಯೆಹೂದ್ಯನಾದೆನೆಂದ ಪೌಲನ ದಾರಿಯಲ್ಲಿ ಕನ್ನಡಿಗರ ನಡುವೆ ಕನ್ನಡಿಗನಾಗಬೇಕೆಂದು ಹೊರಟರು. ಸಹೋದ್ಯೋಗಿಗಳಿಗೂ ಕಮಿಟಿಗೂ ಇದು ಹಿಡಿಸಲಿಲ್ಲ. ಹಳಗನ್ನಡ ಛಂದಸ್ಸು, ವ್ಯಾಕರಣಗಳಲ್ಲಿ ಅವರು ಮುಳುಗಿದಂತೆ, ಸುವಾರ್ತೆ ಸಾರಲು ಬಂದವನಿಗೆ ಇದೇಕೆ ಎಂಬ ಅಸಮಾಧಾನವೂ ಸೇರಿತು. ಕ್ರಿಸ್ತನ ಜೀವನವನ್ನು ದೇಶೀಯ ಛಂದಸ್ಸಿನಲ್ಲಿ ಹೇಳಿದ ‘ಕಥಾಮಾಲೆ’ 1862ರಲ್ಲಿ, ಕೇಶಿರಾಜನ ‘ಶಬ್ದಮಣಿದರ್ಪಣ’ದ ಆವೃತ್ತಿ 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ 1875ರಲ್ಲಿ ಹೊರಬಂದವು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಬಂತು.

ಕಿಟೆಲ್ ಅವರನ್ನು ವೀರನನ್ನಾಗಿಯೂ ಕಮಿಟಿಯನ್ನು ಖಳನನ್ನಾಗಿಯೂ ಮಾಡಿ ಈ ಕಥೆ ಹೇಳುವುದು ಸುಲಭ, ಆದರೆ ಅದು ನ್ಯಾಯವಲ್ಲ. ವೆಸ್ಲಿಯ ಮೂರು ಪ್ರಶ್ನೆಗಳಲ್ಲಿ ಮೂರನೆಯದನ್ನು, ಅಂದರೆ ಫಲದ ಪ್ರಶ್ನೆಯನ್ನು, ಕಮಿಟಿ ತನಗೆ ಗೊತ್ತಿದ್ದ ಒಂದೇ ಅಳತೆಯಿಂದ ಅಳೆಯಿತು: ಎಷ್ಟು ಜನ ದೀಕ್ಷಾಸ್ನಾನ ಪಡೆದರು, ಎಷ್ಟು ಊರುಗಳಲ್ಲಿ ಸಾರಿದ್ದಾಯಿತು. ಮಾತಿನ ಸಂಪತ್ತನ್ನೇ ಒಂದು ಜನತೆಗೆ ಜೋಪಾನ ಮಾಡಿಕೊಡುವುದೂ ಫಲವೆಂದು ಅದಕ್ಕೆ ತಡವಾಗಿ ತಿಳಿಯಿತು. ಆದರೂ ಕಿಟೆಲ್ ಸಂಸ್ಥೆಯನ್ನು ಬಿಟ್ಟುಹೋಗಲಿಲ್ಲ, ಸಂಸ್ಥೆ ಅವರನ್ನು ಕೈಬಿಡಲಿಲ್ಲ. ನಿಘಂಟು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ, ಅಚ್ಚುಮೊಳೆ ಜೋಡಿಸಿದ ಹೆಸರಿಲ್ಲದ ಕೆಲಸಗಾರರ ಕೈಯಿಂದಲೇ. 1841ರಲ್ಲಿ ಶುರುವಾದ ಆ ಅಚ್ಚುಕೂಟ, ಹಾಲರ್ ಅವರ ನೇಯ್ಗೆ ಕಾರ್ಖಾನೆ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆಗಳಲ್ಲಿ ದುಡಿಯಲು ಮಿಷನ್ ಕಸುಬುದಾರರನ್ನೇ ಕಳಿಸುತ್ತಿತ್ತು. ಹೆಂಚು ಸುಡುವುದನ್ನು ಸೇವೆಯೆಂದು ಒಪ್ಪಿದವರಿಗೆ ನಿಘಂಟನ್ನು ಒಪ್ಪಲು ಅಷ್ಟು ಕಾಲ ಬೇಕಾದದ್ದು ವಿಷಾದದ ಸಂಗತಿ.

ಅದೇ ಪರಂಪರೆಯಲ್ಲಿ ಬಂದ ಉತ್ತಂಗಿ ಚನ್ನಪ್ಪನವರು (1881–1962) ಸಭಾಪಾಲಕರಾಗಿ ಜೀವನ ಸವೆಸಿದವರು. ಸಭೆಯ ಕೆಲಸ ಮಾಡುತ್ತಲೇ ಓಲೆಗರಿ, ಕೈಬರಹ, ಜನರ ನಾಲಗೆಗಳಿಂದ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಬರೆದರು. 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಭಾಪಾಲಕನ ಹುದ್ದೆಯನ್ನೂ ಶರಣರ ಅಧ್ಯಯನವನ್ನೂ ಅವರು ಎರಡು ದೋಣಿಗಳೆಂದು ಎಣಿಸಲಿಲ್ಲ.

ಶರಣರ ಮಾತು ಬಂದಾಗ ಕನ್ನಡ ಓದುಗರಿಗೆ ಕಾಯಕದ ನೆನಪಾಗುವುದು ಸಹಜ. ಕಾಯಕಕ್ಕೂ ಕ್ರೈಸ್ತ ಕರೆಗೂ ನಡುವೆ ನಿಜವಾದ ಹತ್ತಿರವಿದೆ. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ವಾಪಸು ಸುರಿದು ಬರಲು ಹೇಳಿದಳು ಎಂಬ ಪ್ರಸಂಗ ಇಲ್ಲಿ ಹೊಂದುತ್ತದೆ. ಭಕ್ತನ ಹುಮ್ಮಸ್ಸನ್ನೂ ಯಾರಾದರೂ ತೂಗಿ ನೋಡಬೇಕು. ತೂಗುವ ಅಧಿಕಾರ ಮನೆಯ ಹೆಂಗಸಿಗೂ ಇರಬಹುದು. ವ್ಯತ್ಯಾಸವೂ ಇದೆ. ಕಾಯಕದಲ್ಲಿ ಒತ್ತು ಕೆಲಸದ ಶುದ್ಧಿಯ ಮೇಲೆ. ಕ್ರೈಸ್ತ ಕರೆಯಲ್ಲಿ ಒತ್ತು ಕರೆದವನ ಮೇಲೆ, ಕೆಲಸ ಅವನ ಇಚ್ಛೆಯಂತೆ ಬದಲಾಗಬಹುದು. ಇಲ್ಲೊಂದು ಅಪಾಯವನ್ನು ಹೇಳಲೇಬೇಕು. ಕರೆಯಲ್ಪಟ್ಟ ಸ್ಥಿತಿಯಲ್ಲೇ ಪ್ರತಿಯೊಬ್ಬನೂ ನಡೆಯಲಿ ಎಂಬ ಅರ್ಥದ ಪೌಲನ ಮಾತನ್ನು ಹುಟ್ಟಿದ ಜಾತಿಯ ಕಸುಬಿನಲ್ಲೇ ಬಿದ್ದಿರು ಎಂದು ಓದುವುದು ಭಾರತದಲ್ಲಿ ಬಹಳ ಸುಲಭ. ಪೌಲ ಅದೇ ಉಸಿರಿನಲ್ಲಿ, ಬಿಡುಗಡೆ ಸಿಗುವುದಾದರೆ ಅದನ್ನು ಬಳಸಿಕೋ ಎಂದು ದಾಸನಿಗೆ ಹೇಳುತ್ತಾನೆಂದು ಓದುವವರು ಹಲವರು. ಆ ಓದೇ ಸರಿಯೆನಿಸುತ್ತದೆ. ದಲಿತ ಕೇರಿಗಳಿಂದ ಬಂದವರೇ ಬಹುಪಾಲು ಇರುವ ಸಭೆಗಳಲ್ಲಿ ಬಲಿಪೀಠದ ಮುಂದೆ ಪಂಕ್ತಿಭೇದ ನಡೆದರೆ, ಅಲ್ಲಿ ಉಳಿದ ಶಿಸ್ತಿಗೆಲ್ಲ ಬೆಲೆಯಿಲ್ಲ.

ಮಿಷನ್ ಇತಿಹಾಸ ಬರೆದವರು ಹೆಚ್ಚಾಗಿ ವಿದೇಶಿ ಪಾದ್ರಿಗಳನ್ನೇ ಹೆಸರಿಸುತ್ತಾರೆ. ದಿನದಿನದ ಸೇವೆ ನಡೆಸಿದವರು ಉಪದೇಶಿಗಳು, ಶಾಲಾ ಮಾಸ್ತರರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿಹೇಳುತ್ತಿದ್ದ ಬೈಬಲ್ ಸ್ತ್ರೀಯರು. ಸಂತೆಯಲ್ಲಿ ನಿಂತು ಮಾತಾಡಿದವರು, ಜ್ವರದ ಮನೆಗೆ ಗಂಜಿ ಹೊತ್ತವರು ಅವರೇ. ಹೆಂಗಸರ ಕರೆಯನ್ನು ಗುರುತಿಸಲು ವ್ಯವಸ್ಥೆ ಅತಿ ಹೆಚ್ಚು ಕಾಲ ತೆಗೆದುಕೊಂಡಿತು. ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯನ್ನು, ಜೊತೆ ಕೆಲಸಗಾರ್ತಿ ಪ್ರಿಸ್ಕಳನ್ನು ಗೌರವದಿಂದ ಹೆಸರಿಸಿದ್ದರೂ, ದಕ್ಷಿಣ ಭಾರತ ಸಭೆಯಲ್ಲಿ ಮಹಿಳೆಯೊಬ್ಬರು ಬಿಷಪ್ ಆಗಿದ್ದು 2013ರಲ್ಲಿ, ಆಂಧ್ರದ ನಂದ್ಯಾಲದಲ್ಲಿ, ಇ. ಪುಷ್ಪಲಲಿತಾ ಅವರ ಮೂಲಕ.

ಸಿಎಸ್‌ಐ ಎಂದೇ ಪರಿಚಿತವಾದ ಆ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಕೂಡಿಬಂತು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಒಂದಾಗುವಾಗ ಎದುರಾದ ಅತಿ ಕಠಿಣ ಪ್ರಶ್ನೆ ಸೇವಾದೀಕ್ಷೆಯದೇ. ಬಿಷಪರ ಕೈಯಿಂದ ದೀಕ್ಷೆ ಪಡೆಯದವರು ನಿಜವಾದ ಪಾಲಕರೇ? ಮುಂದೆ ಎಲ್ಲ ದೀಕ್ಷೆಯೂ ಬಿಷಪರಿಂದಲೇ ಆಗಬೇಕು, ಈಗಾಗಲೇ ಸೇವೆಯಲ್ಲಿರುವ ಯಾರಿಗೂ ಮರುದೀಕ್ಷೆ ಬೇಡ ಎಂದು ತೀರ್ಮಾನಿಸಿದರು. ಎರಡೂ ಬಗೆಯವರು ಜೊತೆಯಾಗಿ ಸಾಗಲು ಮೂವತ್ತು ವರ್ಷಗಳ ಅವಧಿ ಇಟ್ಟುಕೊಂಡರು. ಆಗಲೇ ಫಲ ಕೊಟ್ಟ ಕರೆಯನ್ನು ನಿಯಮದ ಹೆಸರಿನಲ್ಲಿ ಅಳಿಸದೆ, ನಿಯಮವನ್ನೂ ಬಿಡದೆ ಮಾಡಿಕೊಂಡ ಈ ಒಪ್ಪಂದ ವಿಶ್ವದ ಸಭೆಗಳ ಇತಿಹಾಸದಲ್ಲೇ ದಿಟ್ಟ ಹೆಜ್ಜೆ.

ಇಂದು ಗುಬ್ಬಿ ಇರುವ ತುಮಕೂರು ಜಿಲ್ಲೆಯ ಸಿಎಸ್‌ಐ ಸಭೆಗಳು ಕರ್ನಾಟಕ ಮಧ್ಯ ಡಯಾಸಿಸ್‌ಗೆ ಸೇರಿವೆ. ಸೇವೆಗೆ ಬರಬಯಸುವವರನ್ನು ಮೊದಲು ಅವರ ಸ್ವಂತ ಸಭೆ, ಆಮೇಲೆ ಡಯಾಸಿಸ್ ಪರಿಶೀಲಿಸುತ್ತದೆ. ನಂತರ ಸೆಮಿನರಿಯ ಓದು, ಕೆಲಕಾಲ ಹಿರಿಯ ಪಾಲಕರ ಕೈಕೆಳಗಿನ ಕೆಲಸ. ದೀಕ್ಷೆಯ ದಿನ ಅಭ್ಯರ್ಥಿಯನ್ನು ಜನರ ಮುಂದೆ ನಿಲ್ಲಿಸಿ, ಇವರನ್ನು ಸೇವೆಗೆ ನೇಮಿಸಲು ನಿಮಗೆ ಒಪ್ಪಿಗೆಯೇ ಎಂದು ಬಿಷಪರು ಸಭೆಯನ್ನು ಕೇಳುತ್ತಾರೆ. ಜನ ಒಪ್ಪಿದ ಮೇಲೆಯೇ ಬಿಷಪರೂ ನೆರೆದ ಪಾಲಕರೂ ಕೈಯಿಡುವುದು.